ಬಲಗೈಯ ಚಿಲಕ

ಡಚ್ಚರ ನಾಡಿನ ವೂರ್‌ಬರ್ಗ್‌ನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ, ಕಸದ ಗಾಡಿ ಬರುವ ದಿನಗಳ ಪಟ್ಟಿಗೂ ಹೇಗ್‌ನ ಇಂಡಿಯನ್ ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿಗೂ ನಡುವೆ, ಅಂಗೈಯಗಲದ ಒಂದು ಚೌಕುಳಿ ಕಾಗದ ಅಂಟಿಕೊಂಡಿದೆ. ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಮಾಡುತ್ತಿದ್ದ ಪುಸ್ತಕದ ಹಾಳೆಯನ್ನು ಯಾರೋ ಹರಿದು ಅಂಟಿಸಿದ್ದಾರೆ ಎನ್ನಬೇಕು, ಹಾಗಿದೆ. ನಟ್ಟನಡುವೆ ಒಂದು ಕರಿಯ ಚುಕ್ಕೆ ಇರುವುದಷ್ಟೇ ವ್ಯತ್ಯಾಸ. ದಿನವೂ ಬೆಳಿಗ್ಗೆ ಹಾಲು ತೆಗೆಯುವ ನೆಪದಲ್ಲಿ ನಾನು ಅದರೆದುರು ನಿಂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಬಲಗಣ್ಣಿನಿಂದ ಆ ಚುಕ್ಕೆಯನ್ನು ದಿಟ್ಟಿಸುತ್ತೇನೆ. ಸುತ್ತಲಿನ ಗೆರೆಗಳು ನೆಟ್ಟಗೆ ಕಂಡರೆ ಕ್ಷೇಮ, ಬಾಗಿ ಕಂಡರೆ ಬಂದು ಹೇಳಿ ಎಂದು ಕಣ್ಣಿನ ವೈದ್ಯೆ ಆ ಕಾಗದ ಕೊಟ್ಟಿದ್ದರು. ಮೊದಮೊದಲು ಗೆರೆಗಳು ಬಾಗುತ್ತಿದ್ದವು. ಈಗ ನಡುವಿನ ನಾಲ್ಕಾರು ಮನೆಗಳೇ ಇಲ್ಲ. ಒದ್ದೆ ಬೆರಳಿನಿಂದ ಉಜ್ಜಿದ ಹಾಗೆ ಅಲ್ಲೊಂದು ಬೂದು ಮಚ್ಚೆ ಕುಳಿತಿದೆ.

ಇದೇನು ಎಂದು ಹೆಂಡತಿ ಕೇಳಿದಾಗ ನಾನು ಸುಳ್ಳು ಹೇಳಿದೆ. ಗುರಿ ಅಭ್ಯಾಸದ ಹಾಳೆ, ಕ್ಲಬ್ಬಿನಲ್ಲಿ ಕೊಟ್ಟರು ಎಂದೆ. "ಅಡಿಗೆಮನೇಲೂ ಗುರೀನಾ ರೀ?" ಎಂದು ವಿನುತ ನಕ್ಕು ಸುಮ್ಮನಾದಳು. ನಂಬಿದಳೋ, ನಂಬಿದಂತೆ ಇದ್ದಳೋ, ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ತಿಳಿಯುವುದಿಲ್ಲ. ಅವಳು ಮೈಸೂರಿನವಳು, ಕಣ್ಣಲ್ಲೇ ಅರ್ಧ ಮಾತು ಮುಗಿಸುವವಳು. ನಾನು ಕೊಡಗಿನವನು. ನಾವು ಗಂಡಸರು ನೋವಾದರೆ ಕೋವಿ ಒರೆಸುತ್ತಾ ಕೂರುತ್ತೇವೆ, ಬಾಯಿ ಬಿಡುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೂ ಒಂದಿತ್ತು.

ಕೋವಿಯ ವಿಷಯ ಬಂತು, ಬಂದೇ ಬರುತ್ತದೆ. ಈ ದೇಶದಲ್ಲಿ ನನ್ನನ್ನು ಬಲ್ಲವರಿಗೆಲ್ಲ ನಾನು ಎರಡು ಬಗೆಯಲ್ಲಿ ಗೊತ್ತು: ಹೇಗ್‌ನ ಒಂದು ದೊಡ್ಡ ಕಚೇರಿಯಲ್ಲಿ ಯಂತ್ರಗಳ ನಕ್ಷೆಗಳನ್ನು ಓದಿ ತಪ್ಪು ಹುಡುಕುವ ಎಂಜಿನಿಯರ್, ಶನಿವಾರವಾದರೆ ಕೋವಿಯ ಪೆಟ್ಟಿಗೆ ಹೊತ್ತು ಶೂಟಿಂಗ್ ಕ್ಲಬ್ಬಿಗೆ ಹೋಗುವ ವಿಚಿತ್ರ ಭಾರತೀಯ. ಬೇರೆ ಕನ್ನಡಿಗರು ಶನಿವಾರ ಬ್ಯಾಡ್ಮಿಂಟನ್ ಆಡುತ್ತಾರೆ, ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಬಿಡುತ್ತಾರೆ. ನಾನು ಹೊಟ್ಟೆಯ ಮೇಲೆ ಮಲಗಿ ನೂರು ಮೀಟರ್ ದೂರದ ಕಾಗದಕ್ಕೆ ರಂಧ್ರ ಹೊಡೆಯುತ್ತೇನೆ. ಇದರಲ್ಲಿ ಏನು ಸುಖ ಎಂದು ನೀವು ಕೇಳಬಹುದು. ಉಸಿರನ್ನು ಅರ್ಧ ಬಿಟ್ಟು, ಅರ್ಧ ಹಿಡಿದು, ಎದೆಬಡಿತದ ಎರಡು ಪೆಟ್ಟುಗಳ ನಡುವಿನ ಸಣ್ಣ ಮೌನದಲ್ಲಿ ಬೆರಳು ತಾನಾಗಿ ಮಡಿಯುವ ಆ ಗಳಿಗೆಯಲ್ಲಿ ನನಗೆ ವೀಸಾ ಇರಲಿಲ್ಲ, ಪಾಸ್‌ಪೋರ್ಟ್ ಇರಲಿಲ್ಲ, ಮೂರು ಭಾಷೆಗಳಲ್ಲಿ ತಡವರಿಸುವ ನಾಲಿಗೆ ಇರಲಿಲ್ಲ. ನಾನು ಬರಿಯ ಒಂದು ಕಣ್ಣಾಗಿರುತ್ತಿದ್ದೆ. ಆ ಕಣ್ಣೇ ಈಗ ಹೊರಟು ನಿಂತಿದೆ.

ಊರಿನಲ್ಲಿ ನಮಗೆ ಕೋವಿಗೆ ಲೈಸೆನ್ಸ್ ಬೇಡ. ಹಳೆಯ ಕಾಲದಿಂದ ಬಂದ ವಿನಾಯಿತಿ. ಅದು ಒಬ್ಬನ ಸ್ವತ್ತೂ ಅಲ್ಲ. ಒಕ್ಕ ಎಂದರೆ ನಮ್ಮ ಮನೆತನ, ಕೋವಿ ಆ ಒಕ್ಕದ್ದು. ಕೈಲ್‌ಪೊಳ್ದ್ ಹಬ್ಬದಂದು ಅದನ್ನು ದೀಪದ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಗೆ ಕೆಂಪು ಹಳದಿಯ ಕೋವಿಹೂವು ಸಿಕ್ಕಿಸಿ ಕೈ ಮುಗಿದರೆ, ಸಂಜೆಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಯಾರು ಬೇಕಾದರೂ ಗುರಿ ಇಡಬಹುದು. ಅಜ್ಜ ಹಿಡಿದದ್ದನ್ನು ಅಪ್ಪ ಹಿಡಿದರು, ಅಪ್ಪ ಹಿಡಿದದ್ದನ್ನು ಅಣ್ಣ ಹಿಡಿದಿದ್ದಾನೆ. ಇಲ್ಲಿ ಹಾಗಲ್ಲ. ಇಲ್ಲಿ ಪೊಲೀಸರು ಕೊಡುವ ಅನುಮತಿಪತ್ರದಲ್ಲಿ ಒಬ್ಬನೇ ಮನುಷ್ಯನ ಹೆಸರು, ಅದರ ಕೆಳಗೆ ಅವನ ಕೋವಿಯ ನಂಬರು. ವರ್ಷಕ್ಕೆ ಹದಿನೆಂಟು ಸಲವಾದರೂ ಕ್ಲಬ್ಬಿಗೆ ಹೋಗಿ ಗುಂಡು ಹೊಡೆದದ್ದಕ್ಕೆ ಪುಸ್ತಕದಲ್ಲಿ ಮುದ್ರೆ ಬೀಳಬೇಕು, ಇಲ್ಲವಾದರೆ ನಿನಗೆ ಕೋವಿ ಯಾಕೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ದೇಶದ ಕಾನೂನಿಗೆ ತಲೆಬಾಗಿ ನಡೆದ ನನ್ನೊಳಗೆ, ಕೋವಿ ಮನೆಗೆ ಸೇರಿದ್ದು, ನನ್ನ ನಂತರದವರಿಗೆ ಹೋಗಬೇಕಾದದ್ದು ಎಂಬ ನಂಬಿಕೆ ಮಾತ್ರ ಒಂದಿಂಚೂ ಅಲುಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಈ ಗಾದೆಯನ್ನು ನಾನು ನನ್ನ ವಿಷಯಕ್ಕಷ್ಟೇ ಅನ್ವಯಿಸಿಕೊಂಡೆ ಎಂಬುದೇ ನನ್ನ ಕಥೆ.

ಹೋದ ವರ್ಷ ಒಂದು ಕೋವಿಯನ್ನು ನನಗೆಂದೇ ಮಾಡಿಸುವ ಮನಸ್ಸಾಯಿತು. ಅಂಗಡಿಯಿಂದ ಕೊಂಡದ್ದಲ್ಲ, ನಳಿಗೆ ಒಂದು ಕಡೆಯದು, ಮರದ ಹಿಡಿ ಇನ್ನೊಂದು ಕಡೆಯದು, ಎಲ್ಲವನ್ನೂ ಆರಿಸಿ ತಂದು ಕುಶಲಿಯೊಬ್ಬನ ಕೈಯಲ್ಲಿ ಕೂಡಿಸುವಂಥದ್ದು. ವಿಲ್ಲೆಮ್ ಎಂಬ ಮುದುಕ ಗ್ರೋನಿಂಗನ್ ಹತ್ತಿರದ ಒಂದು ಹಳ್ಳಿಯಲ್ಲಿ, ಹಿಂದೆ ಹಸುಗಳ ಕೊಟ್ಟಿಗೆಯಾಗಿದ್ದ ಶೆಡ್ಡಿನಲ್ಲಿ, ಈ ಕೆಲಸ ಮಾಡುತ್ತಾನೆ. ಮಗಳು ದೇಚಮ್ಮ ಗ್ರೋನಿಂಗನ್‌ನಲ್ಲೇ ಓದುತ್ತಿರುವುದರಿಂದ ಅವಳನ್ನು ನೋಡಲು ಹೋದಾಗಲೆಲ್ಲ ಅಲ್ಲಿಗೂ ಹೋಗುವುದು ನನಗೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ಕೋವಿಯ ನೆಪದಲ್ಲಿ ಮಗಳನ್ನು ನೋಡಿದೆನೋ, ಮಗಳ ನೆಪದಲ್ಲಿ ಕೋವಿಯನ್ನು ನೋಡಿದೆನೋ ಗೊತ್ತಿಲ್ಲ. ಅವಳೊಡನೆ ಕಾಫಿ ಕುಡಿಯಲು ಅರ್ಧ ಗಂಟೆ, ವಿಲ್ಲೆಮ್‌ನ ಶೆಡ್ಡಿನಲ್ಲಿ ಮೂರು ಗಂಟೆ. ಹೀಗಿತ್ತು ನನ್ನ ಪಿತೃವಾತ್ಸಲ್ಯ.

ಕೋವಿ ಕಟ್ಟಿಸುವವನು ಮೊದಲು ಆರಿಸಬೇಕಾದದ್ದು ರಿಸೀವರ್. ಕೋವಿಯ ಪರಿಚಯವಿಲ್ಲದ ಗೆಳೆಯರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಬೋಲ್ಟ್ ಆ್ಯಕ್ಷನ್ ಎಂದರೆ ಬಾಗಿಲಿಗೆ ಇರುವಂಥ ಚಿಲಕವಿರುವ ಕೋವಿ: ಚಿಲಕ ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟೆ ಹಾರುತ್ತದೆ, ಮುಂದಕ್ಕೆ ತಳ್ಳಿ ಇಳಿಸಿದರೆ ಹೊಸ ತೋಟೆ ಒಳಗೆ ಕೂತು ಬಾಗಿಲು ಭದ್ರವಾಗುತ್ತದೆ. ಆ ಚಿಲಕ ಓಡಾಡುವ ಉಕ್ಕಿನ ಮನೆಯೇ ರಿಸೀವರ್. ಅದರ ಮುಂದಕ್ಕೆ ನಳಿಗೆಯನ್ನು ತಿರುಪಿ ಬಿಗಿಯುತ್ತಾರೆ, ಕೆಳಕ್ಕೆ ಟ್ರಿಗರ್, ಮೇಲಕ್ಕೆ ದುರ್ಬೀನು, ಇಡಿಯಾಗಿ ಮರದ ಹಿಡಿಯೊಳಗೆ ಕೂರಿಸುತ್ತಾರೆ. ನಳಿಗೆ ಕೆಲವು ಸಾವಿರ ಗುಂಡಿಗೆ ಸವೆಯುತ್ತದೆ, ಬದಲಿಸಬಹುದು. ಮರ ಬಿರುಕು ಬಿಡುತ್ತದೆ, ಬದಲಿಸಬಹುದು. ರಿಸೀವರ್ ಬದಲಿಸಿದರೆ ಅದು ಬೇರೆಯೇ ಕೋವಿ, ಯಾಕೆಂದರೆ ನಂಬರು ಕೊರೆದಿರುವುದು ಅದರ ಮೈಮೇಲೆ.

ನಕ್ಷೆ ಓದಿಯೇ ಅನ್ನ ತಿಂದವನಿಗೆ ಇಂಥದ್ದು ಸಿಕ್ಕಿದರೆ ಕೇಳಬೇಕೆ! ಇಡೀ ಒಂದು ಚಳಿಗಾಲ ನಾನು ಅದರಲ್ಲೇ ಮುಳುಗಿದೆ. ಹಳೆಯ ಸೈನ್ಯದ ಕೋವಿಯಿಂದ ಕಳಚಿದ, ನೂರು ವರ್ಷದ ಗಟ್ಟಿ ರಿಸೀವರ್ ಒಳ್ಳೆಯದೋ, ಕಂಪ್ಯೂಟರ್ ಹಿಡಿತದ ಯಂತ್ರದಲ್ಲಿ ಕೊರೆದ ಹೊಸತೋ. ದುಂಡು ಮೈಯದೋ, ಚಪ್ಪಟೆ ತಳದ್ದೋ. ಚಿಲಕ ಒಳಗೆ ಭದ್ರವಾಗಿ ಕಚ್ಚಿಕೊಳ್ಳಲು ಎರಡು ಕಚ್ಚು ಸಾಕೋ, ಮೂರು ಬೇಕೋ. ವಿನುತ ಟಿವಿ ನೋಡುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಕೂದಲೆಳೆಯ ಹತ್ತನೆಯ ಒಂದಂಶದ ಸಡಿಲಿನ ಬಗ್ಗೆ ಓದುತ್ತಿದ್ದೆ. ಬದುಕಿನಲ್ಲಿ ಎಲ್ಲವೂ ಬದಲಾದರೂ ಬದಲಾಗದೆ ಉಳಿಯುವ, ನಂಬರು ಕೊರೆದ ಭಾಗ ಮನುಷ್ಯನಲ್ಲಿ ಯಾವುದು ಎಂದೂ ಆಗ ಯೋಚಿಸಿದ್ದುಂಟು. ನನ್ನ ಊಟ ಬದಲಾಯಿತು, ಮಾತು ಬದಲಾಯಿತು, ತಲೆಯ ಮೇಲಿನ ಕೂದಲು ಹೇಳದೆ ಕೇಳದೆ ಹೋಯಿತು. ಉಳಿದದ್ದು ಗುರಿ ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ವಾಕ್ಯ ಎನಿಸಿತು. ಒಳ್ಳೆಯ ವಾಕ್ಯಗಳನ್ನು ನಂಬಬಾರದು ಎಂದು ಈಗ ಗೊತ್ತಾಗಿದೆ.

ಯಾಕೆಂದರೆ ಈ ದುಂಡು, ಚಪ್ಪಟೆ, ಎರಡು ಕಚ್ಚು, ಮೂರು ಕಚ್ಚುಗಳ ವಿಚಾರವೆಲ್ಲ ಒಂದೇ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಾನು ಹುಡುಕಿಕೊಂಡ ಓಣಿಗಳು. ಆ ಪ್ರಶ್ನೆ ಸರಳವಾದದ್ದು: ಚಿಲಕ ಬಲಕ್ಕೋ, ಎಡಕ್ಕೋ? ಬಲಗಣ್ಣಿನಿಂದ ಗುರಿ ನೋಡುವವನು ಕೋವಿಯನ್ನು ಬಲಹೆಗಲಿಗೆ ಆನಿಸುತ್ತಾನೆ, ಚಿಲಕ ಬಲಗೈಗೆ ಸಿಗಬೇಕು. ಎಡಗಣ್ಣಿನವನಿಗೆ ಎಲ್ಲವೂ ಅದಲುಬದಲು. ಹೆಗಲನ್ನು ಬದಲಿಸಬಹುದು, ಹಿಡಿಯನ್ನು ಬದಲಿಸಬಹುದು. ರಿಸೀವರಿನಲ್ಲಿ ಚಿಲಕಕ್ಕೆಂದು ಕೊರೆದ ದಾರಿಯನ್ನು ಮಾತ್ರ ಈ ಕಡೆಯಿಂದ ಆ ಕಡೆಗೆ ಸರಿಸಲಾಗದು. ಮತ್ತು ನನ್ನ ಬಲಗಣ್ಣು ಸಾಯುತ್ತಿತ್ತು. ವೈದ್ಯೆ ಮೃದುವಾಗಿಯೇ ಹೇಳಿದ್ದರು: ನಡುದೃಷ್ಟಿ ಹೋಗುತ್ತದೆ, ಈ ಬಗೆಗೆ ಸದ್ಯ ಔಷಧವಿಲ್ಲ, ಎಡಗಣ್ಣು ಇನ್ನೂ ಹಲವು ವರ್ಷ ಬರಬಹುದು. ಅಂದರೆ ಎಡಗೈಯ ರಿಸೀವರ್ ಕೊಂಡು, ಐವತ್ತೇಳನೆಯ ವಯಸ್ಸಿನಲ್ಲಿ ಮೊದಲಿಂದ ಕಲಿತರೆ, ನನಗೆ ಇನ್ನೂ ಹಲವು ವರ್ಷಗಳ ಶನಿವಾರಗಳಿದ್ದವು.

ವಿಲ್ಲೆಮ್‌ಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅವನು ಐವತ್ತು ವರ್ಷ ಕೋವಿ ಹಿಡಿದವರನ್ನು ನೋಡಿದವನು. ಒಂದು ದಿನ ಮೇಜಿನ ಮೇಲೆ ಎರಡು ರಿಸೀವರುಗಳನ್ನು ಇಟ್ಟ. ಒಂದರ ಚಿಲಕ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ, ಉಳಿದಂತೆ ಅವಳಿಜವಳಿ. ನಾನು ಬಲದ್ದನ್ನು ಎತ್ತಿಕೊಂಡು ಅದರ ಮೇಲಿನ ಸಣ್ಣ ತಿರುಪಿಗೆ ಸ್ಕ್ರೂಡ್ರೈವರ್ ಇಡಹೋದೆ. ಎರಡು ಸಲ ತಪ್ಪಿತು.

"ನಿನ್ನ ಬಲಗಣ್ಣು ಹೇಗಿದೆ?" ಎಂದ ಡಚ್ಚಿನಲ್ಲಿ. ಇಲ್ಲಿಯವರ ಮಾತು ಹೀಗೆಯೇ, ಸುತ್ತುಬಳಸು ಇಲ್ಲ.

"ಚೆನ್ನಾಗಿದೆ," ಎಂದೆ.

"ಎಡದ್ದಕ್ಕೂ ಬಲದ್ದಕ್ಕೂ ಬೆಲೆ ಒಂದೇ. ಕಾಯುವ ದಿನಗಳೂ ಅಷ್ಟೇ. ಈಗ ಹೇಳಿದರೆ ನನಗೆ ಏನೂ ಕಷ್ಟವಿಲ್ಲ. ನಳಿಗೆ ಬಿಗಿದ ಮೇಲೆ ಹೇಳಬೇಡ."

ಯೋಚಿಸಿ ತಿಳಿಸುತ್ತೇನೆ ಎಂದು ಎದ್ದು ಬಂದೆ. ಮೂರು ವಾರ ಯೋಚಿಸಿದೆ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಎಡಗೈಯದ್ದು ಬೇಡ ಎಂದು ರೈಲಿನಲ್ಲೇ ತೀರ್ಮಾನವಾಗಿತ್ತು. ಮೂರು ವಾರ ಅದಕ್ಕೆ ಕಾರಣಗಳನ್ನು ಹೊಂದಿಸಿದೆ. ಎಡಗೈಯದ್ದನ್ನು ಕೊಂಡರೆ ಕಣ್ಣು ಹೋಯಿತೆಂದು ಒಪ್ಪಿಕೊಂಡಂತೆ, ಅದೊಂದು. ಆದರೆ ನನಗೆ ಆಗ ಎಲ್ಲಕ್ಕಿಂತ ದೊಡ್ಡದಾಗಿ, ಹೆಚ್ಚು ಉದಾತ್ತವಾಗಿ ಕಂಡ ಕಾರಣ ಬೇರೆ. ಕೋವಿ ನನ್ನದಲ್ಲ, ಒಕ್ಕದ್ದು. ನನ್ನ ಕಣ್ಣು ಇಂದೋ ನಾಳೆಯೋ ಆರುವ ದೀಪ. ನನ್ನ ಕಣ್ಣಿನ ದೋಷಕ್ಕೆ ಅಳತೆ ಕೊಟ್ಟು ಕೋವಿ ಮಾಡಿಸಿದರೆ, ಮುಂದೆ ಹಿಡಿಯುವವರ ಗತಿಯೇನು? ನಾಳೆ ದೇಚಮ್ಮನಿಗೆ ಆಸೆ ಹುಟ್ಟಬಹುದು, ಅನುಮತಿ ಪಡೆದು ಇದನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳಬಹುದು. ಅವಳಿಗೆ ಸರಿಯಾದ ಕೋವಿ ಸಿಗಬೇಕು. ಸರಿಯಾದದ್ದು ಎಂದರೆ ಬಲಗೈಯದ್ದು, ಇನ್ನೇನು?

ಅವಳು ಹುಟ್ಟಿದ ದಿನದ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಗಂಡು ಹುಟ್ಟಿದರೆ ಮನೆಯ ಮುಂದೆ ಒಂದು ಗುಂಡು ಹಾರಿಸುವ ವಾಡಿಕೆ. ಹೆಣ್ಣು ಎಂದು ನಾನು ಇಲ್ಲಿಂದ ಫೋನ್ ಮಾಡಿ ಹೇಳಿದ ಮೇಲೂ ಅಪ್ಪ ಅಂಗಳಕ್ಕೆ ಹೋಗಿ ಕೋವಿ ಎತ್ತಿ ಹಾರಿಸಿದರಂತೆ. "ಒಕ್ಕಕ್ಕೆ ಆಳು ಬಂತು, ಅಷ್ಟೇ" ಎಂದರಂತೆ. ಅದೇ ಅಪ್ಪ, ಮಗುವಿಗೆ ಎರಡು ವರ್ಷವಾದಾಗ ಇಲ್ಲಿಗೆ ಬಂದು ಆರು ತಿಂಗಳು ಇದ್ದರು. ಮಗು ಎಡಗೈಯಲ್ಲಿ ಚಮಚ ಹಿಡಿಯುತ್ತಿತ್ತು, ಎಡಗೈಯಲ್ಲಿ ಚೆಂಡೆಸೆಯುತ್ತಿತ್ತು, ಎಡಗೈಯಲ್ಲಿ ಗೋಡೆಯ ಮೇಲೆಲ್ಲ ಗೀಚುತ್ತಿತ್ತು. ಅಪ್ಪ ಪ್ರತಿಸಲವೂ ನಗುತ್ತಲೇ ಚಮಚವನ್ನು ಆ ಕೈಯಿಂದ ಬಿಡಿಸಿ ಈ ಕೈಗೆ ಕೊಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸವನ್ನು ನಾನು ಮುಂದುವರಿಸಿದೆ. ಹೊಡೆಯಲಿಲ್ಲ, ಬಡಿಯಲಿಲ್ಲ, ಗದರಲೂ ಇಲ್ಲ; ಬಿಡಿಸಿದೆ, ಕೊಟ್ಟೆ, ಬಿಡಿಸಿದೆ, ಕೊಟ್ಟೆ. ಎಡಗೈಯಲ್ಲಿ ಉಣ್ಣಬಾರದು, ಎಡಗೈಯಲ್ಲಿ ಕೊಡಬಾರದು, ದೇವರ ಮುಂದಿಟ್ಟ ಕೋವಿಯನ್ನು ಎಡಗೈಯಲ್ಲಿ ಮುಟ್ಟಬಾರದು. ನನಗೂ ಹಾಗೆಯೇ ಕಲಿಸಿದ್ದರು. ಶಾಲೆಯ ಟೀಚರ್ ಒಬ್ಬರು ಕರೆದು, ಅವಳಿಗೆ ಇಷ್ಟವಾದ ಕೈಯಲ್ಲಿ ಬರೆಯಲಿ ಎಂದರು. ಆಗಲಿ ಎಂದು ತಲೆಯಾಡಿಸಿ ಬಂದು, ಮನೆಯಲ್ಲಿ ಪೆನ್ಸಿಲನ್ನೂ ಬಿಡಿಸಿ ಕೊಟ್ಟೆ. ಆರನೆಯ ವಯಸ್ಸಿಗೆ ಅವಳು ಬಲಗೈಯಲ್ಲಿ ಬರೆದಳು, ಬಲಗೈಯಲ್ಲಿ ಉಂಡಳು, ನಾನು ಗೆದ್ದೆ. ಗೆದ್ದದ್ದನ್ನು ಮರೆತೂಬಿಟ್ಟೆ.

ಹೇಳಲೇಬೇಕಾದ ಒಂದು ತಮಾಷೆ ಇದೆ. ಊರಿನ ನಮ್ಮ ಹಳೆಯ ಜೋಡುನಳಿಗೆಯ ಕೋವಿ ನಡುವೆ ಮುರಿದು ತೆರೆಯುವಂಥದ್ದು. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಯಾವ ಹೆಗಲಿಗೆ ಇಟ್ಟರೂ ಅದು ಒಂದೇ ರೀತಿ ಕೆಲಸ ಮಾಡುತ್ತಿತ್ತು. ಎಡ ಬಲ ಮಾಡಿದವರು ನಾವು.

ಆ ಮೂರು ವಾರಗಳಲ್ಲಿ ಒಂದು ಭಾನುವಾರ ದೇಚು ಫೋನ್ ಮಾಡಿದಳು. ಸಾಮಾನ್ಯವಾಗಿ ಅವಳು ಮಾತಾಡುವುದು ಅಮ್ಮನ ಹತ್ತಿರ. ನನ್ನ ಪಾಲಿಗೆ ಬರುವುದು ಕೊನೆಯ ಎರಡು ನಿಮಿಷ. ಅಂದು ನೇರವಾಗಿ ನನ್ನನ್ನೇ ಕೇಳಿದಳು.

"ಪಪ್ಪಾ, ರೈಫಲ್ ಆರ್ಡರ್ ಮಾಡಿದ್ರಾ?"

"ಇನ್ನೂ ಇಲ್ಲಮ್ಮ. ರಿಸೀವರ್ ಯಾವ್ದು ಅಂತ ನೋಡ್ತಿದ್ದೀನಿ."

"ಎಡಗೈನವ್ರಿಗೂ ಸಿಗತ್ತಾ? ಐ ಮೀನ್, ಲೆಫ್ಟ್ ಹ್ಯಾಂಡೆಡ್ ಇರೋವ್ರಿಗೆ?"

"ಸಿಗತ್ತೆ. ಆದ್ರೆ ನಮ್ಮನೇಲಿ ಯಾರಿಗೆ ಬೇಕು ಅದು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಹಿಂದೆ ಯಾರೋ ಹುಡುಗಿಯರು ಡಚ್ಚಿನಲ್ಲಿ ನಗುವುದು ಕೇಳಿಸಿತು. "ಓಕೇ ಪಪ್ಪಾ, ಸುಮ್ನೆ ಕೇಳ್ದೆ" ಎಂದಳು. ನಾನು ಆ ಮೌನವನ್ನು ಕೇಳಲಿಲ್ಲ ಎನ್ನಲಾರೆ. ಕೇಳಿದೆ, ನನ್ನ ಕಣ್ಣಿನ ಬಗ್ಗೆ ಇವಳಿಗೇನಾದರೂ ಗುಮಾನಿ ಬಂತೇ ಎಂದು ಹೆದರಿ, ಬೇಗ ಫೋನ್ ಇಟ್ಟೆ. ಮನುಷ್ಯ ತನ್ನದೇ ಸಂಕಟದೊಳಗೆ ಕೂತಿದ್ದರೆ ಎದುರಿನವರ ಮಾತೆಲ್ಲ ತನ್ನ ಬಗ್ಗೆಯೇ ಎಂದು ತಿಳಿಯುತ್ತಾನೆ. ಮರುದಿನ ವಿಲ್ಲೆಮ್‌ಗೆ ಫೋನ್ ಮಾಡಿ ಬಲಗೈಯದ್ದು ಎಂದೆ. "ನಿಜವಾಗಿ?" ಎಂದ. ನಿಜವಾಗಿ ಎಂದೆ.

ಕೋವಿ ತಯಾರಾಯಿತು. ಸುಂದರವಾಗಿದೆ, ಅದನ್ನು ಅಲ್ಲಗಳೆಯಲಾರೆ. ವಾಲ್‌ನಟ್ ಮರದ ಹಿಡಿ, ಅದರ ಎಳೆಗಳು ಹರಿಯುವ ನೀರಿನಂತಿವೆ. ಚಿಲಕ ಎಳೆದರೆ ಉಕ್ಕಿನ ಮೇಲೆ ಉಕ್ಕು ಜಾರುವ ಸದ್ದು ಕೇಳಿಸುವುದೇ ಇಲ್ಲ. ಕ್ಲಬ್ಬಿನವರು ಸಹಿ ಹಾಕಿದರು, ಪೊಲೀಸರು ಬಂದು ಮನೆಯ ತಿಜೋರಿ ನೋಡಿ ಹೋದರು, ಅನುಮತಿಪತ್ರದಲ್ಲಿ ನನ್ನ ಹೆಸರಿನ ಕೆಳಗೆ ರಿಸೀವರಿನ ನಂಬರು ಏರಿತು. ಮೊದಲ ಶನಿವಾರ ಹೊಡೆದ ಹತ್ತು ಗುಂಡುಗಳಲ್ಲಿ ಮೂರು ಕಾಗದಕ್ಕೇ ಬೀಳಲಿಲ್ಲ. ದುರ್ಬೀನಿನ ಕೂಡುಗೆರೆಯ ನಡುವೆ, ಗುರಿಯ ಕರಿಯ ವೃತ್ತ ಇರಬೇಕಾದ ಕಡೆ, ಅದೇ ಬೂದು ಮಚ್ಚೆ. ಗುರಿ ಸುತ್ತಲೂ ಕಾಣುತ್ತಿತ್ತು, ಗುರಿಯ ಜಾಗದಲ್ಲಿ ಮಾತ್ರ ಗುರಿ ಇರಲಿಲ್ಲ. ಆದರೂ ಹೋದೆ. ಹದಿನೆಂಟು ಮುದ್ರೆ ಬೀಳಬೇಕಲ್ಲ. ಮಲಗುವುದು, ಕುರುಡಾಗಿ ಹೊಡೆಯುವುದು, ಎದ್ದು ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಟ್ರಾಮ್ ಹಿಡಿದು ಮನೆಗೆ ಬರುವುದು. ಒಂದು ಕಾಲದಲ್ಲಿ ನನ್ನನ್ನು ಬದುಕಿಸುತ್ತಿದ್ದ ಶನಿವಾರ ಈಗ ವಾರದ ಅತಿ ಕೆಟ್ಟ ದಿನ. ಮನಸ್ಸು ಬಿಚ್ಚಿ ಹೇಳುವುದಾದರೆ, ಎಲ್ಲ ಮುಗಿದಿದೆ ಎಂದು ಗೊತ್ತಿದ್ದೂ ಹಾಜರಿ ಹಾಕುವವನಷ್ಟು ನಿಕೃಷ್ಟನಾಗಿ ನನಗೆ ನಾನು ಎಂದೂ ಕಂಡಿರಲಿಲ್ಲ.

ಹೋದ ತಿಂಗಳು ದೇಚು ರಜೆಗೆ ಬಂದಳು. ಶನಿವಾರ ಬೆಳಿಗ್ಗೆ ನಾನು ಕೋವಿಯ ಪೆಟ್ಟಿಗೆ ಸಿದ್ಧಮಾಡುವಾಗ, ತಾನೂ ಬರುತ್ತೇನೆ ಎಂದಳು. ಇಪ್ಪತ್ತೊಂದು ವರ್ಷದಲ್ಲಿ ಹೀಗೆ ಕೇಳಿದ್ದು ಮೊದಲ ಸಲ. ವಿನುತ ನಮ್ಮಿಬ್ಬರಿಗೂ ಚಪಾತಿ ಸುತ್ತಿ ಕೊಟ್ಟು, "ಇಬ್ರೂ ಜಗಳ ಆಡ್ದೆ ಬನ್ನಿ" ಎಂದು ಬಾಗಿಲಲ್ಲಿ ನಿಂತು ಕೈ ಬೀಸಿದಳು.

ಕ್ಲಬ್ಬಿನಲ್ಲಿ ಜನ ಕಡಿಮೆ ಇದ್ದರು. ಮಗಳ ಮುಂದೆ ಸೋಲಬಾರದೆಂಬ ಹುಂಬತನದಿಂದ, ಮಚ್ಚೆಯನ್ನು ಗುರಿಯ ಮೇಲೆ ಹೇಗೋ ಅಂದಾಜಿನಲ್ಲಿ ಕೂರಿಸಿ ಐದು ಗುಂಡು ಹೊಡೆದೆ. ಅವಳು ಪಕ್ಕದಲ್ಲಿ, ಗುಂಡು ಎಲ್ಲಿ ಬಿತ್ತೆಂದು ನೋಡಲು ಇಟ್ಟ ದೊಡ್ಡ ದುರ್ಬೀನಿನಲ್ಲಿ ನೋಡುತ್ತಿದ್ದಳು. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ.

"ಪಪ್ಪಾ, ಏನಾಗಿದೆ ನಿಮ್ಗೆ?"

ಯಾರಿಗೂ ಹೇಳದ್ದನ್ನು ಅಲ್ಲಿ, ಆ ರಬ್ಬರ್ ಚಾಪೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಕೊಂಡೇ ಹೇಳಿದೆ. ಮುಖ ನೋಡಿ ಹೇಳಬೇಕಾಗಿದ್ದರೆ ಹೇಳುತ್ತಿರಲಿಲ್ಲವೇನೋ. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಎಡಗಣ್ಣು?"

"ಸದ್ಯಕ್ಕೆ ಸರಿಯಿದೆ."

"ಹಾಗಾದ್ರೆ ಯಾಕೆ ಪಪ್ಪಾ ರೈಟ್ ಹ್ಯಾಂಡ್‌ದು ಮಾಡಿಸಿದ್ರಿ? ಲೆಫ್ಟ್ ತಗೊಂಡಿದ್ರೆ ನೀವು ಇನ್ನೂ ಹೊಡೀಬೋದಿತ್ತಲ್ಲ?"

"ನಿನಗೋಸ್ಕರ," ಎಂದೆ. "ನನ್ ನಂತ್ರ ನಿಂಗೆ ಇರ್ಲಿ ಅಂತ."

ಎದ್ದು ಕುಳಿತು ಅವಳ ಕಡೆ ತಿರುಗಿದಾಗ ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸಂತೋಷ ಇರಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು. ಯಾವುದೋ ಶೂಟಿಂಗ್ ಸಾಲಿನಲ್ಲಿ ಒಬ್ಬ ಹುಡುಗಿ ಮಲಗಿದ್ದಾಳೆ, ಜಡೆ ಬೆನ್ನ ಮೇಲೆ, ಕೋವಿ ಎಡಹೆಗಲಿಗೆ, ಎಡಗೈ ಬೆರಳು ಟ್ರಿಗರ್ ಮೇಲೆ. ಅದು ದೇಚು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಆ ಹುಡುಗಿ ಅಷ್ಟು ನಿರಾಳವಾಗಿ ಮಲಗಿದ್ದಳು. ಮುಂದಿನ ಫೋಟೋದಲ್ಲಿ ಒಂದು ಗುರಿಹಾಳೆ. ಐದು ರಂಧ್ರಗಳನ್ನು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು.

"ಗ್ರೋನಿಂಗನ್‌ನಲ್ಲಿ ಒಂದು ಕ್ಲಬ್ ಇದೆ. ಒಂದ್ ವರ್ಷದಿಂದ ಹೋಗ್ತಿದ್ದೀನಿ. ಅಲ್ಲಿ ಒಂದು ಲಿಂಕ್ಸ್‌ಹಾಂಡಿಗ್ ರೈಫಲ್ ಇದೆ, ಎಡಗೈದು. ನಿಮ್ಗೆ ಸರ್ಪ್ರೈಸ್ ಕೊಡೋಣ ಅಂತಿದ್ದೆ," ಎಂದಳು. ಸ್ವಲ್ಪ ತಡೆದು, "ನಾನು ಬರೆಯೋದು, ತಿನ್ನೋದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಲೇ ಮಾಡೋದು ಪಪ್ಪಾ. ಯಾವಾಗ್ಲೂ. ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಅವಳು ಹಲ್ಲುಜ್ಜುವುದನ್ನು, ಬೀಗ ತೆಗೆಯುವುದನ್ನು, ಈರುಳ್ಳಿ ಹೆಚ್ಚುವುದನ್ನು, ಸೈಕಲ್ಲಿನಿಂದ ಕೈ ಎತ್ತಿ ಟಾಟಾ ಮಾಡುವುದನ್ನು ಹದಿನೈದು ವರ್ಷ ಎರಡೂ ಒಳ್ಳೆಯ ಕಣ್ಣುಗಳಿಂದ ನೋಡುತ್ತಾ ಒಂದು ದಿನವೂ ಕಂಡಿರಲಿಲ್ಲ. ಆ ಭಾನುವಾರದ ಫೋನಿನಲ್ಲಿ ಅವಳು ಕೇಳಿದ್ದು ನನ್ನ ಕಣ್ಣಿನ ಬಗ್ಗೆ ಅಲ್ಲ, ತನ್ನ ಬಗ್ಗೆ. ನಮ್ಮ ಮನೆಯಲ್ಲಿ ಯಾರಿಗೆ ಬೇಕು ಎಂದಿದ್ದೆ. ಅವಳಿಗೆ ಬೇಕಿತ್ತು. ನನಗೂ ಬೇಕಿತ್ತು. ಆ ಮನೆಯಲ್ಲಿ ಕೋವಿ ಹಿಡಿಯುವವರು ಇಬ್ಬರೇ, ಇಬ್ಬರಿಗೂ ಎಡದ್ದೇ ಬೇಕಿತ್ತು. ಇಬ್ಬರಿಗೂ ಬಾರದ ಕೋವಿಯನ್ನು ನಾನು ತಿಂಗಳುಗಟ್ಟಲೆ ಆರಿಸಿ, ಕೂದಲೆಳೆಯಷ್ಟೂ ತಪ್ಪಿಲ್ಲದಂತೆ ಮಾಡಿಸಿ ತಂದಿದ್ದೆ.

"ನಾನೊಂದ್ಸಲ ಹೊಡೀಲಾ?" ಎಂದಳು. ನನ್ನ ಮುಖ ಕಂಡು ಕನಿಕರದಿಂದ ಕೇಳಿದಳೆಂದು ಈಗ ಅನ್ನಿಸುತ್ತದೆ.

ಚಾಪೆಯ ಮೇಲೆ ಮಲಗಿ ಕೋವಿಯನ್ನು ಎಡಹೆಗಲಿಗೆ ಏರಿಸಿದಳು. ಅದು ಹುಟ್ಟಿನಿಂದ ಬಂದದ್ದರ ಹಾಗೆ ಅವಳ ಮೈಗೆ ಹೊಂದಿಕೊಂಡಿತು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ. ಆದರೆ ಚಿಲಕ ಆ ಕಡೆಗೆ. ಟ್ರಿಗರ್ ಮೇಲಿನ ಕೈಯನ್ನು ಪೂರಾ ಬಿಟ್ಟು, ದುರ್ಬೀನಿನ ಮೇಲಿಂದ ತೋಳು ಹಾಯಿಸಿ ಚಿಲಕ ಎಳೆದಳು. ಕೋವಿ ವಾಲಿತು, ಕೆನ್ನೆ ಜಾರಿತು, ಕೂಡಿಸಿಕೊಂಡಿದ್ದ ಸ್ಥಿತಿಯೆಲ್ಲ ಕದಡಿಹೋಯಿತು. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಅವಳು ಸುಮ್ಮನೆ ಮಗ್ಗುಲು ಬದಲಿಸಿ, ಕೋವಿಯನ್ನು ಬಲಹೆಗಲಿಗೆ ಇಟ್ಟು, ಎಡಗಣ್ಣು ಮುಚ್ಚಿ, ಬಲಗೈ ಬೆರಳನ್ನು ಟ್ರಿಗರಿನ ಮೇಲಿಟ್ಟಳು. ಯಾರೂ ಬಿಡಿಸಿ ಕೊಡಬೇಕಾಗಿರಲಿಲ್ಲ.

ಐದು ಗುಂಡು ಹೊಡೆದಳು. ಚಿಲಕ ಎಳೆಯುವಾಗ ಕೈ ತಡವರಿಸುತ್ತಿತ್ತು, ಭುಜ ಬಿಗಿದಿತ್ತು. ನಾನು ದೊಡ್ಡ ದುರ್ಬೀನಿಗೆ ನನ್ನ ಒಳ್ಳೆಯ ಎಡಗಣ್ಣನ್ನು ಇಟ್ಟು ನೋಡಿದೆ. ಎಲ್ಲವೂ ಸ್ಪಷ್ಟವಾಗಿ ಕಂಡವು. ಒಂದು ಮೇಲೆ, ಎರಡು ಹೊರಗಿನ ಬಿಳಿಯ ಅಂಚಿನಲ್ಲಿ, ಒಂದು ಕೆಳಗೆ, ಇನ್ನೊಂದು ಎಲ್ಲೂ ಇಲ್ಲ.

ಅವಳು ಚಿಲಕ ತೆರೆದು, ಒಳಗೆ ಖಾಲಿಯಿದೆಯೆಂದು ಬೆರಳಿಟ್ಟು ನೋಡಿ, ಕೋವಿಯನ್ನು ಜೋಪಾನವಾಗಿ ಚಾಪೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಸಾರಿ ಪಪ್ಪಾ," ಎಂದಳು.

"ಪರ್ವಾಗಿಲ್ಲ," ಎಂದೆ ನಾನು. "ಅಭ್ಯಾಸ ಆಗತ್ತೆ."